ಅನುದಾನ ಬಂದರೆ ಸಾಲದು, ಅಧಿಕಾರವೂ ಬರಬೇಕು

ಕಲ್ಯಾಣ ಕರ್ನಾಟಕದ ಸ್ಥಳೀಯ ರಾಜಕಾರಣ ನನಗೆ ಕಲಿಸಿದ ದೊಡ್ಡ ಪಾಠ ಒಂದಿದೆ. ಜನಪ್ರತಿನಿಧಿಯ ಸೇವೆಯನ್ನು ಆತ ತಂದ ಅನುದಾನದ ಮೊತ್ತದಿಂದ ಅಳೆಯಬಾರದು. ಊರಿನವರು ದುಡಿದು ಬೆಳೆದದ್ದರಲ್ಲಿ ಎಷ್ಟು ಪಾಲು ಊರಲ್ಲೇ ಉಳಿಯಿತು ಎಂಬುದರಿಂದ ಅಳೆಯಬೇಕು. ಈ ಭಾಗ ಹಿಂದುಳಿದಿದೆ ಎಂಬುದು ಬರೀ ಭಾಷಣದ ಮಾತಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗದವೇ ಆಗಿದ್ದವು. ದಶಕಗಳ ಹೋರಾಟದ ಫಲವಾಗಿ 2013ರಲ್ಲಿ ಸಂವಿಧಾನದ 371ಜೆ ವಿಧಿ ಜಾರಿಗೆ ಬಂತು. ಕಾಲೇಜಿನ ಸೀಟುಗಳಲ್ಲಿ, ಸರ್ಕಾರಿ ಹುದ್ದೆಗಳಲ್ಲಿ ನಮ್ಮ ಮಕ್ಕಳಿಗೆ ಮೀಸಲು ಸಿಕ್ಕಿತು, ಅಭಿವೃದ್ಧಿಗೆ ಪ್ರತ್ಯೇಕ ಮಂಡಳಿ ಬಂತು. ಈ ಗಳಿಕೆ ಸಣ್ಣದಲ್ಲ. ಆದರೆ ಸರ್ಕಾರಿ ನೌಕರಿ ಎಲ್ಲರ ಪಾಲಿಗೂ ಬರುವಂಥದ್ದಲ್ಲ. ಉಳಿದವರ ಹೊಟ್ಟೆ ತುಂಬಬೇಕಾದದ್ದು ಹೊಲದಿಂದ, ಹೊಲವನ್ನು ನಂಬಿದ ಕಸುಬಿನಿಂದ.

ತೊಗರಿಯನ್ನೇ ನೋಡೋಣ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. ಹೆಸರು ಬಂದರೂ ರೈತನ ಕೈಗೆ ಬರುವ ದುಡ್ಡಿನಲ್ಲಿ ಅದರ ಗುರುತು ಕಾಣುವುದಿಲ್ಲ. ಸಾಲ ತೀರಿಸಲೇಬೇಕಾದ ಸಣ್ಣ ಹಿಡುವಳಿದಾರ ರಾಶಿ ಮುಗಿದ ಕೂಡಲೇ ಅಡತ್ ಅಂಗಡಿಗೆ ಮಾಲು ಹಾಕುತ್ತಾನೆ. ಎಲ್ಲರೂ ಒಟ್ಟಿಗೆ ಮಾರುವುದರಿಂದ ದರ ಬೀಳುವುದೂ ಆಗಲೇ. ಕಾಳು ಬೇಳೆಯಾಗಿ ಪೊಟ್ಟಣ ಸೇರುವಾಗ ಹುಟ್ಟುವ ಲಾಭವಾಗಲಿ, ಹೊಟ್ಟು ನುಚ್ಚು ಪಶು ಆಹಾರವಾಗುವಾಗ ಬರುವ ಆದಾಯವಾಗಲಿ ಬೆಳೆದವನಿಗೆ ದಕ್ಕುವುದಿಲ್ಲ. ರಾಶಿಯ ನಂತರ ಮಳೆಯಾಶ್ರಿತ ಹೊಲದಲ್ಲಿ ಕೆಲಸ ಇರುವುದಿಲ್ಲ; ಕುಟುಂಬಗಳು ಬೆಂಗಳೂರು, ಮುಂಬಯಿ, ಹೈದರಾಬಾದಿಗೆ ಗುಳೆ ಹೋಗುತ್ತವೆ. ಮ್ಯಾನ್ಮಾರ್, ಮೊಜಾಂಬಿಕ್‌ನಿಂದ ಬರುವ ತೊಗರಿಯನ್ನು ತಡೆಯುವ ಶಕ್ತಿ ಪಂಚಾಯತಿಗಿಲ್ಲ, ನಿಜ. ಆದರೆ ಹೋಬಳಿಗೊಂದು ಗೋದಾಮು, ಅಲ್ಲಿಟ್ಟ ಮಾಲಿನ ಮೇಲೆ ಅಡಮಾನ ಸಾಲ, ರೈತರ ಸಂಸ್ಥೆಗಳೇ ನಡೆಸುವ ಸಣ್ಣ ದಾಲ್ ಮಿಲ್ಲುಗಳು ನಮ್ಮ ಕೈಗೆಟುಕದ ಕೆಲಸಗಳೇನಲ್ಲ.

ದೊಡ್ಡ ಕಾರ್ಖಾನೆ ತಂದರೆ ಸಾಕು, ಇವೆಲ್ಲ ಯಾಕೆ ಎನ್ನುವವರಿದ್ದಾರೆ. ಕಾರ್ಖಾನೆ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ವಾಡಿ, ಸೇಡಂ ಭಾಗದಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದು ದಶಕಗಳಾದವು. ರಾಯಚೂರಿನ ಶಕ್ತಿನಗರ 1985ರಿಂದ ನಾಡಿಗೆ ವಿದ್ಯುತ್ ಕೊಡುತ್ತಿದೆ. ಹಟ್ಟಿಯಲ್ಲಿ ಚಿನ್ನ, ಬಳ್ಳಾರಿಯಲ್ಲಿ ಅದಿರು ತೆಗೆಯುತ್ತಲೇ ಇದ್ದಾರೆ. ಇಷ್ಟಿದ್ದೂ ಗುಳೆ ನಿಂತಿಲ್ಲ. ಯಂತ್ರವೇ ಹೆಚ್ಚು ದುಡಿಯುವ ಇಂಥ ಉದ್ಯಮಗಳು ಹೂಡುವ ಬಂಡವಾಳಕ್ಕೆ ಹೋಲಿಸಿದರೆ ಕೊಡುವ ಕೆಲಸ ಕಡಿಮೆ. ಊರೂರಿನ ಬೆಳೆಗೆ ಅಂಟಿಕೊಂಡ ಸಣ್ಣ ಉದ್ಯಮ, ಅದರಲ್ಲೂ ಹೆಣ್ಣುಮಕ್ಕಳಿಗೆ, ಮನೆ ಬಿಡದೆ ಕೂಲಿ ದೊರಕಿಸಬಲ್ಲದು.

ಇದನ್ನು ಮಾಡಬೇಕಾದವರು ಯಾರು ಎಂಬುದು ಮುಂದಿನ ಪ್ರಶ್ನೆ. ಸಂವಿಧಾನ ಉತ್ತರ ಕೊಟ್ಟಿದೆ: ಜಿಲ್ಲೆಯ ಯೋಜನೆ ರೂಪಿಸಲು ಜಿಲ್ಲಾ ಯೋಜನಾ ಸಮಿತಿ ಇರಬೇಕು, ಅದರ ಐದರಲ್ಲಿ ನಾಲ್ಕು ಭಾಗ ಸದಸ್ಯರು ಜಿಲ್ಲಾ ಪಂಚಾಯತಿ ಮತ್ತು ಪುರಸಭೆ, ನಗರಸಭೆಗಳ ಚುನಾಯಿತರಿಂದಲೇ ಬರಬೇಕು. ಆದರೆ 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಬ್ದುಲ್ ನಜೀರ್ ಸಾಬರು ಪಂಚಾಯತ್ ವ್ಯವಸ್ಥೆ ಕಟ್ಟಿ ದೇಶಕ್ಕೇ ದಾರಿ ತೋರಿಸಿದ ರಾಜ್ಯದಲ್ಲಿ ಹೀಗಾಯಿತು ಎಂಬುದು ನನಗೆ ತೀರಾ ನೋವಿನ ಸಂಗತಿ. ಅಧಿಕಾರ ಕೆಳಗಿಳಿದರೆ ಭ್ರಷ್ಟಾಚಾರವೂ ಕೆಳಗಿಳಿಯುತ್ತದೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪಂಚಾಯತಿಗಳಲ್ಲಿ ಅಕ್ರಮ ನಡೆಯುತ್ತದೆ. ಆದರೆ ಅಲ್ಲಿ ತಪ್ಪು ಮಾಡಿದವನನ್ನು ಗ್ರಾಮಸಭೆಯಲ್ಲಿ ನಿಲ್ಲಿಸಿ ಕೇಳಬಹುದು, ಮುಂದಿನ ಚುನಾವಣೆಯಲ್ಲಿ ಮನೆಗೆ ಕಳಿಸಬಹುದು. ಮೇಲಿನ ಹಂತದ ಕಡತದಲ್ಲಿ ಆದ ಲೋಪಕ್ಕೆ ರೈತ ಯಾರ ಬಾಗಿಲು ತಟ್ಟಬೇಕು? ಲೆಕ್ಕ ಪರಿಶೋಧನೆ ಬಿಗಿಯಾಗಲಿ, ಚುನಾವಣೆ ತಪ್ಪದಿರಲಿ.

ಆದ್ದರಿಂದ ನಮ್ಮ ಮುಂದಿನ ಬೇಡಿಕೆ ಬರೀ ಹೆಚ್ಚಿನ ಅನುದಾನವಾಗಬಾರದು. 371ಜೆ ಅಡಿ ಬಂದ ಅಭಿವೃದ್ಧಿ ಮಂಡಳಿಯ ಹಣದಲ್ಲಿ ಒಂದು ನಿಶ್ಚಿತ ಪಾಲು ಗೋದಾಮು, ಸಂಸ್ಕರಣೆ, ಕೌಶಲ ತರಬೇತಿಗೆ ಮೀಸಲಾಗಲಿ; ಅದನ್ನು ಎಲ್ಲಿ, ಹೇಗೆ ಬಳಸಬೇಕೆಂದು ಚುನಾಯಿತ ಜಿಲ್ಲಾ ಸಂಸ್ಥೆಗಳು ತೀರ್ಮಾನಿಸಲಿ. ಎಷ್ಟು ರಸ್ತೆ ಮಾಡಿಸಿದಿರಿ ಎಂದು ನಮ್ಮನ್ನು ಕೇಳುವ ಮತದಾರರು ಈ ವರ್ಷ ಎಷ್ಟು ಮನೆಗಳ ಗುಳೆ ತಪ್ಪಿಸಿದಿರಿ ಎಂದೂ ಕೇಳಬೇಕು. ಆ ಪ್ರಶ್ನೆಗೆ ಲೆಕ್ಕ ಸಮೇತ ಉತ್ತರ ಕೊಡಬಲ್ಲವರೇ ನಿಜವಾದ ಜನಸೇವಕರು.