ಒಂದು ಒತ್ತಕ್ಷರದ ಬೆನ್ನುಹತ್ತಿ

ಅಮ್ಮಿನಬಾವಿಯಲ್ಲಿ ನನ್ನದೊಂದು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ. ಲಗ್ನಪತ್ರಿಕೆ, ಅರ್ಜಿ, ಸಂಘದ ನೋಟಿಸು, ಜಾತ್ರೆಯ ಹ್ಯಾಂಡ್‌ಬಿಲ್ಲು, ಎಲ್ಲವೂ ಕನ್ನಡದಲ್ಲೇ. 2019ರ ಆಗಸ್ಟಿನಲ್ಲಿ ಊರಿನ ಹುಡುಗಿಯೊಬ್ಬಳು ಡಿಗ್ರಿಯಲ್ಲಿ ರ‍್ಯಾಂಕ್ ಪಡೆದಳೆಂದು ಸತ್ಕಾರ ಸಮಾರಂಭ ಇಟ್ಟುಕೊಂಡಿದ್ದರು. ನೂರು ಕಾರ್ಡು ತೆಗೆದುಕೊಟ್ಟೆ. ಸಂಜೆ ನಿವೃತ್ತ ಮಾಸ್ತರರೊಬ್ಬರು ಒಂದು ಕಾರ್ಡು ಹಿಡಿದುಕೊಂಡು ಅಂಗಡಿಗೆ ಬಂದರು. “ಏನವಾ ಇದು? ರ ಎಲ್ಲಿ ಹೋತು?” ಎಂದರು.

ನೋಡಿದೆ. ಪೂರ್ತಿ ‘ರ’ ಬರೆದು ಅದರ ಕೆಳಗೆ ಯ ಒತ್ತು ಬರಬೇಕಾದ ಕಡೆ ‘ಯಾ’ ಬಂದು ಅದರ ಬಲಕ್ಕೆ ಅರ್ಕಾವೊತ್ತು ಕೂತಿತ್ತು. ‘ಸೂರ್ಯ’ದಲ್ಲಿ ಆ ರೂಪವೇ ಸರಿ, ಏಕೆಂದರೆ ಅಲ್ಲಿ ಮುಂದೊಂದು ‘ಸೂ’ ಇದೆ. ಶಬ್ದದ ಮೊದಲಕ್ಷರಕ್ಕೇ ಅರ್ಕಾವೊತ್ತು ಬಂದರೆ ಓದುವವರ ನಾಲಗೆ ತಡವರಿಸುತ್ತದೆ. ಮಾಸ್ತರರು ಸಿಟ್ಟಾಗಲಿಲ್ಲ. ಆ ಹುಡುಗಿಯ ಜೀವನದ ದೊಡ್ಡ ಶಬ್ದವೇ ತಪ್ಪಾಯಿತಲ್ಲ ಎಂದು ಅವರಿಗೆ ಕೆಡುಕೆನಿಸಿತ್ತು, ನನಗೂ. ಬೇರೆ ಫಾಂಟ್ ಹಾಕಿ ನೂರೂ ಕಾರ್ಡು ಮತ್ತೆ ತೆಗೆದೆ.

ಅಲ್ಲಿಗೆ ಮುಗಿಸಬಹುದಿತ್ತು. ಕನ್ನಡದಲ್ಲಿ ಕಂಪ್ಯೂಟರ್ ಬಳಸುವ ನಾವೆಲ್ಲ ಹಾಗೇ ಮುಗಿಸುತ್ತ ಬಂದಿದ್ದೇವೆ. ಒಂದು ಫಾಂಟ್ ಕೈಕೊಟ್ಟರೆ ಇನ್ನೊಂದು, ಅದೂ ಕೈಕೊಟ್ಟರೆ ಶಬ್ದವನ್ನೇ ಬದಲಿಸುವುದು. ಆ ರಾತ್ರಿ ಮಾತ್ರ ನಿದ್ದೆ ಬರಲಿಲ್ಲ.

ನನ್ನ ಅಂಗಡಿಯ ಕಂಪ್ಯೂಟರಿನಲ್ಲಿರುವುದು ಡೆಬಿಯನ್. 2014ರ ಏಪ್ರಿಲ್ 8ಕ್ಕೆ ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತಾಗ, ಹೊಸ ಮಷಿನ್ನಿಗೆ ರೊಕ್ಕ ಇಲ್ಲದ ನನಗೆ ಚಿಗವ್ವನ ಮಗ ಅದನ್ನು ಹಾಕಿಕೊಟ್ಟಿದ್ದ. 1993ರಲ್ಲಿ ಇಯನ್ ಮರ್ಡಾಕ್ ಶುರು ಮಾಡಿದ್ದು. ಅದಕ್ಕೆ ಮಾಲೀಕರಿಲ್ಲ, ಜಗತ್ತಿನ ಬೇರೆಬೇರೆ ಕಡೆಯ ಸ್ವಯಂಸೇವಕರು ನಡೆಸುತ್ತಾರೆ. ತಾವು ತೊಂದರೆಗಳನ್ನು ಬಚ್ಚಿಡುವುದಿಲ್ಲ ಎಂದು 1997ರಲ್ಲೇ ಅವರು ಬರೆದು ಒಪ್ಪಿಕೊಂಡಿದ್ದಾರೆ. ಹಾಗಾಗಿ ಯಾರು ಬೇಕಾದರೂ ತಪ್ಪನ್ನು ವರದಿ ಮಾಡಬಹುದು, ಯಾರು ಬೇಕಾದರೂ ಓದಬಹುದು. ಅದಕ್ಕೆಂದೇ ರಿಪೋರ್ಟ್‌ಬಗ್ ಎಂಬ ಪ್ರೋಗ್ರಾಂ ಇದೆ.

ಕನ್ನಡ ಮಾಧ್ಯಮದಲ್ಲಿ ಕಲಿತವಳು ನಾನು. ಅರ್ಧ ರಾತ್ರಿ ಕೂತು, ನನಗೆ ಬರುವ ಇಂಗ್ಲಿಷಿನಲ್ಲಿ, ಕನ್ನಡ ಸರಿಯಾಗಿ ಮೂಡುತ್ತಿಲ್ಲ, ಕಾರ್ಡು ಹಾಳಾಯಿತು, ಬೇಗ ಸರಿಮಾಡಿ ಎಂದು ಬರೆದೆ. ತೀವ್ರತೆ ಎಷ್ಟು ಎಂದು ಪ್ರೋಗ್ರಾಂ ಕೇಳಿತು. ಏಳು ಮಟ್ಟಗಳಿವೆ. ಮೇಲಿನ ಮೂರರಲ್ಲಿ ಯಾವುದನ್ನು ಕೊಟ್ಟರೂ ಅದು ಬಿಡುಗಡೆಯನ್ನೇ ತಡೆಯುವ ದೋಷ ಎಂದರ್ಥ. ನಾನು ಎರಡನೆಯದಾದ ‘ಗ್ರೇವ್’ ಆರಿಸಿದೆ. ನನ್ನ ಅಂಗಡಿಗೆ ಅದು ಅಷ್ಟೇ ದೊಡ್ಡದಾಗಿತ್ತು.

ಎರಡು ದಿನಕ್ಕೆ ಉತ್ತರ ಬಂತು. ತೀವ್ರತೆಯನ್ನು ‘ನಾರ್ಮಲ್’ಗೆ ಇಳಿಸಿದ್ದರು. ಇನ್ನಷ್ಟು ಮಾಹಿತಿ ಬೇಕು ಎಂಬ ಚೀಟಿ ಅಂಟಿಸಿದ್ದರು. ಯಾವ ಫಾಂಟ್, ಯಾವ ಆವೃತ್ತಿ, ಯಾವ ಪ್ರೋಗ್ರಾಮಿನಲ್ಲಿ ಹೀಗಾಗುತ್ತದೆ, ಯಾವ ಅಕ್ಷರಗಳನ್ನು ಯಾವ ಕ್ರಮದಲ್ಲಿ ಒತ್ತಿದಿರಿ? ಕೊನೆಯ ಪ್ರಶ್ನೆ ಇನ್ನೂ ನೆನಪಿದೆ: ನಾನು ಕಳಿಸಿದ ಚಿತ್ರದಲ್ಲಿ ತಪ್ಪಿರುವುದು ಎಲ್ಲಿ?

ಮೊದಲು ನೊಂದುಕೊಂಡೆ. ಎರಡು ದಿನ ಉತ್ತರ ಬರೆಯಲಿಲ್ಲ. ಆಮೇಲೆ ಆ ಕೊನೆಯ ಪ್ರಶ್ನೆಯೇ ನನ್ನ ಕಣ್ಣು ತೆರೆಸಿತು. ಆ ಮನುಷ್ಯನಿಗೆ ಕನ್ನಡ ಬರುವುದಿಲ್ಲ. ನಾನು ಕಳಿಸಿದ ತಪ್ಪು ‘ರ‍್ಯಾಂಕ್’ ಅವನಿಗೆ ಬರೀ ಚಂದದ ಒಂದು ಚಿತ್ರ, ಸರಿಯಾದದ್ದೂ ಅಷ್ಟೇ ಚಂದದ ಇನ್ನೊಂದು ಚಿತ್ರ. ಸಾವಿರಾರು ಜನ ಆ ಫಾಂಟನ್ನು ಪರೀಕ್ಷಿಸಿದರೂ ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಕಾಣುವುದು ಮಾಸ್ತರರ ಕಣ್ಣಿಗೆ, ನನ್ನ ಕಣ್ಣಿಗೆ. ಆದರೆ ನಮಗೆ ಕಂಡರಷ್ಟೇ ಸಾಲದು. ಕನ್ನಡ ಓದಲು ಬಾರದವನೂ ತನ್ನ ಮಷಿನ್ನಿನಲ್ಲಿ ಮಾಡಿ ನೋಡಿ ಹೌದೆನ್ನುವ ಹಾಗೆ ಅದನ್ನು ತೋರಿಸಬೇಕು.

ಎರಡನೇ ಸಲ ಬರೆಯಲು ಹದಿನೈದು ದಿನ ಹಿಡಿಯಿತು. ಕಲಿತದ್ದೆಲ್ಲ ಆ ಹದಿನೈದು ದಿನಗಳಲ್ಲೇ.

ಮೊದಲನೆಯದು, ನಾನು ದೂರಿದ ಫಾಂಟ್ ತಪ್ಪೇ ಮಾಡಿರಲಿಲ್ಲ. ನಾನು ಆರಿಸಿದ ಫಾಂಟು ಡೆಬಿಯನ್ನಿನ ಹೊಸ ಆವೃತ್ತಿ ಹಾಕುವಾಗ ಹೋಗಿಬಿಟ್ಟಿತ್ತು. ಫಾಂಟ್ ಸಿಗದಿದ್ದರೆ ಕಂಪ್ಯೂಟರು ಸುಮ್ಮನೆ ಇನ್ನೊಂದನ್ನು ಅದರ ಜಾಗಕ್ಕೆ ಎಳೆದುಕೊಳ್ಳುತ್ತದೆ, ಮೇಲೆ ಹೆಸರು ಮಾತ್ರ ಹಳೆಯದೇ ತೋರಿಸುತ್ತದೆ. ಎಫ್‌ಸಿ-ಮ್ಯಾಚ್ ಎಂಬ ಆಜ್ಞೆ ಕೊಟ್ಟಾಗ ನಿಜವಾಗಿ ಕೆಲಸ ಮಾಡುತ್ತಿರುವುದು ಯಾವುದೆಂದು ತಿಳಿಯಿತು. ಅಂದರೆ ಯಾರದೋ ಪ್ಯಾಕೇಜಿನ ಮೇಲೆ ನಾನು ಸುಳ್ಳು ದೂರು ಹೊರಿಸಿದ್ದೆ. ಅದನ್ನು ಒಪ್ಪಿ ಬರೆದೆ, ಅವರು ದೂರನ್ನು ಸರಿಯಾದ ಪ್ಯಾಕೇಜಿಗೆ ವರ್ಗಾಯಿಸಿದರು.

ಎರಡನೆಯದು, ನಾವು ನೋಡುವ ಅಕ್ಷರ ಬೇರೆ, ಒಳಗೆ ಕೂತಿರುವ ಅಕ್ಷರ ಬೇರೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ ಜಾಗ ಕೊಟ್ಟಿದ್ದಾರೆ. ‘ಸೂರ್ಯ’ದ ಕೊನೆಗೆ ಇರುವುದು ರ, ಸ್ವರ ಕಳೆಯುವ ವಿರಾಮದ ಗುರುತು, ಯ. ‘ರ‍್ಯಾಂಕ್’ನಲ್ಲಿ ರ ಮತ್ತು ವಿರಾಮದ ನಡುವೆ ಕಣ್ಣಿಗೆ ಕಾಣದ ಇನ್ನೊಂದು ಕೂತಿರುತ್ತದೆ. ಅಗಲವೇ ಇಲ್ಲದ ಜೋಡಕ ಅದು, 200ಡಿ ಅದರ ಸಂಖ್ಯೆ. ರ ಪೂರ್ತಿ ನಿಲ್ಲಲಿ, ಅರ್ಕಾವೊತ್ತಾಗದಿರಲಿ ಎಂದು ಹೇಳುವುದು ಅದರ ಕೆಲಸ. ಹಿಂದೆ ಕೆಲವರು ಈ ಜೋಡಕವನ್ನು ವಿರಾಮದ ನಂತರ ಇಡುತ್ತಿದ್ದರು. ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಝ್ ಎಂಬ ತಂತ್ರಾಂಶದ ಒಳಗೆ ಕನ್ನಡಕ್ಕೆಂದೇ ಬರೆದ ಸಾಲುಗಳಿವೆ: ಹಳೆಯ ರೂಢಿಯ ಕ್ರಮದಲ್ಲಿ ಬಂದರೂ ಹೊಸದರಂತೆಯೇ ನಡೆಸಿಕೊಳ್ಳಬೇಕು ಎಂದು. ಅದನ್ನು ಓದಿದ ದಿನ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನನಗಿಂತ ಎಷ್ಟೋ ಮೊದಲು ಯಾರೋ ಇದೇ ತಪ್ಪನ್ನು ನೋಡಿ, ಬಿಡದೆ, ಅಲ್ಲಿಯವರೆಗೆ ಹೋಗಿ ಹೇಳಿಬಂದಿದ್ದರು.

ಹಾರ್ಫ್‌ಬಝ್ ಜೊತೆ ಬರುವ ಎಚ್‌ಬಿ-ವ್ಯೂ ಎಂಬ ಸಣ್ಣ ಉಪಕರಣ ಫಾಂಟ್ ಮತ್ತು ಶಬ್ದ ಕೊಟ್ಟರೆ ಚಿತ್ರ ತೆಗೆದುಕೊಡುತ್ತದೆ. ಲಿಬ್ರೆಆಫೀಸ್ ಇಲ್ಲ, ಪ್ರಿಂಟರ್ ಇಲ್ಲ, ನಡುವೆ ಯಾರೂ ಇಲ್ಲ. ಅದರಲ್ಲೂ ತಪ್ಪೇ ಬಂತು. ಅದೇ ಶಬ್ದವನ್ನು ಗುಬ್ಬಿ ಫಾಂಟಿನಲ್ಲಿ ಹಾಕಿದರೆ ಸರಿ ಬಂತು. ದೋಷ ಇದ್ದದ್ದು ಆ ಒಂದು ಫಾಂಟಿನ ನಿಯಮಪಟ್ಟಿಯಲ್ಲಿ. ಅರ್ಕಾವೊತ್ತಿನ ನಿಯಮವನ್ನು ಬೇರೆ ಜಾಗದಲ್ಲಿ ಬರೆದಿದ್ದರಿಂದ ಜೋಡಕವಿದ್ದರೂ ಅದು ರಕಾರವನ್ನು ಎಳೆದುಕೊಳ್ಳುತ್ತಿತ್ತು. ಎರಡು ಚಿತ್ರ ಅಕ್ಕಪಕ್ಕ ಇಟ್ಟೆ. ಇದು ಸರಿ, ಇದು ತಪ್ಪು, ಅಕ್ಷರಗಳ ಸಂಖ್ಯೆ ಇವು, ಈ ಆಜ್ಞೆ ಕೊಡಿ. ಹನ್ನೊಂದು ಸಾಲಿನ ವರದಿ. ಅದೇ ದಿನ ಉತ್ತರ ಬಂತು: ನನ್ನಲ್ಲೂ ಹಾಗೇ ಬಂತು ಎಂದು.

ನಮ್ಮೂರಿನವರಿಗೆ ಈ ವ್ಯವಸ್ಥೆಯನ್ನು ಹೇಗೆ ತಿಳಿಸಲಿ ಎಂದು ಬಹಳ ಯೋಚಿಸಿದ್ದೇನೆ. ಕೊನೆಗೆ ಸಿಕ್ಕಿದ್ದು ಕಣ್ಣೆದುರಿಗೇ ಇತ್ತು. ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ್ದಾರೆ. ಅಲ್ಲಿಂದ ಎತ್ತಿದ ನೀರು ನಮ್ಮ ಅಮ್ಮಿನಬಾವಿಯ ಘಟಕದಲ್ಲಿ ಶುದ್ಧವಾಗಿ ಧಾರವಾಡ, ಹುಬ್ಬಳ್ಳಿಗೆ ಹೋಗುತ್ತದೆ. ಡೆಬಿಯನ್ ಅಂಥದೊಂದು ಘಟಕ. ಫಾಂಟನ್ನು, ಲಿಬ್ರೆಆಫೀಸನ್ನು ಬರೆಯುವವರು ಬೇರೆ. ಅವರನ್ನು ಅಲ್ಲಿ ‘ಅಪ್‌ಸ್ಟ್ರೀಮ್’ ಎನ್ನುತ್ತಾರೆ, ಹೊಳೆಯ ಮೇಲಿನವರು. ಡೆಬಿಯನ್ನಿನವರು ಅದನ್ನು ತರಿಸಿ, ಸೋಸಿ, ಪ್ಯಾಕೇಜ್ ಮಾಡಿ ಮನೆಮನೆಗೆ ಮುಟ್ಟಿಸುತ್ತಾರೆ. ನಳದಲ್ಲಿ ರಾಡಿ ಬಂದರೆ ಅದು ಪೈಪಿನದೋ, ಘಟಕದ್ದೋ, ಹೊಳೆಯದ್ದೋ ಎಂದು ಮೊದಲು ಗೊತ್ತಾಗಬೇಕು. ಹೊಳೆಯದಾದರೆ ಘಟಕದಲ್ಲಿ ಸೋಸಿ ಅಷ್ಟಕ್ಕೇ ಬಿಡಬಾರದು, ಮೇಲಿನವರಿಗೂ ಹೇಳಿ ಕಳಿಸಬೇಕು. ಇಲ್ಲದಿದ್ದರೆ ಅದೇ ಹೊಳೆಯ ನೀರು ಕುಡಿಯುವ ಬೇರೆ ಊರುಗಳಿಗೆ ಆ ರಾಡಿ ಹಾಗೇ ಹೋಗುತ್ತದೆ. ನನ್ನ ವರದಿಯೂ ಹಾಗೆ ಮೇಲೆ ಹೋಯಿತು. ಫಾಂಟ್ ಬರೆದವರೇ ತಿದ್ದಿದರು. ಡೆಬಿಯನ್ ಹೆಸರನ್ನೇ ಕೇಳದವರಿಗೂ ಆ ತಿದ್ದುಪಡಿ ಸಿಕ್ಕಿತು.

ಪ್ಯಾಕೇಜ್ ಮಾಡುವುದನ್ನು ಕಲಿತದ್ದು 2022ರಲ್ಲಿ. ಲಗ್ನಪತ್ರಿಕೆಗೆ ನಾನು ಬಳಸುವ ಒಂದು ಫಾಂಟ್ ಡೆಬಿಯನ್ನಿನಲ್ಲಿ ಇರಲಿಲ್ಲ. ಪೆನ್‌ಡ್ರೈವಿನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುತ್ತಿತ್ತು, ಅದರ ಜೊತೆ ಹಳೆಯ ತಪ್ಪುಗಳೂ ಹೋಗುತ್ತಿದ್ದವು. ಪೆನ್‌ಡ್ರೈವಿನಲ್ಲಿ ಕೊಟ್ಟದ್ದಕ್ಕೆ ಆಮೇಲೆ ತಿದ್ದುಪಡಿ ಮುಟ್ಟಿಸುವ ದಾರಿಯೇ ಇಲ್ಲ.

ಕೆಲಸ ಸಣ್ಣದೆಂದು ತಿಳಿದಿದ್ದೆ. ಕಂಟ್ರೋಲ್, ರೂಲ್ಸ್, ಚೇಂಜ್‌ಲಾಗ್, ಕಾಪಿರೈಟ್ ಎಂಬ ನಾಲ್ಕು ಕಡತ. ನನ್ನ ಮಷಿನ್ನಿನಲ್ಲಿ ಮೂರನೇ ದಿನಕ್ಕೆ ಪ್ಯಾಕೇಜ್ ತಯಾರಾಯಿತು. ಅದನ್ನೇ ಏನೂ ಇಲ್ಲದ ಬರಿದಾದ ವ್ಯವಸ್ಥೆಯಲ್ಲಿ ಕಟ್ಟಿದರೆ ಎರಡನೇ ಸಾಲಿಗೇ ನಿಂತಿತು. ಫಾಂಟ್ ಕಟ್ಟಲು ಬೇಕಾದ ಫಾಂಟ್‌ಫೋರ್ಜ್ ನನ್ನಲ್ಲಿ ಮೊದಲೇ ಇತ್ತು, ಬೇಕು ಎಂದು ಬರೆಯುವುದನ್ನೇ ಮರೆತಿದ್ದೆ. ನಮ್ಮ ಅಡಿಗಿಮನಿಯಲ್ಲಿ ರೊಟ್ಟಿ ಬಡಿಯುವಾಗ ಉಪ್ಪು ಎಲ್ಲಿದೆ ಎಂದು ಕೈಗೇ ಗೊತ್ತಿರುತ್ತದೆ. ಬೇರೆಯವರ ಮನೆಯಲ್ಲಿ ನಿಂತಾಗಲೇ ಏನೇನು ಬೇಕೆಂಬುದು ನೆನಪಾಗುವುದು.

ಹೆಚ್ಚು ದಿನ ತಿಂದದ್ದು ಕಾಪಿರೈಟ್ ಕಡತ. ಫಾಂಟ್ ಜೊತೆ ಇದ್ದ ಒಂದು ಸಾಲಿನ ಅನುಮತಿ, ವ್ಯಾಪಾರಕ್ಕೆ ಬಳಸಬಾರದು ಎನ್ನುತ್ತಿತ್ತು. ಹಾಗಾದರೆ ಕಾರ್ಡಿಗೆ ಇಷ್ಟು ಎಂದು ದುಡ್ಡು ತೆಗೆದುಕೊಳ್ಳುವ ನಾನೇ ಅದನ್ನು ಬಳಸುವ ಹಾಗಿಲ್ಲ. ಯಾವ ಉದ್ಯೋಗದವರನ್ನೂ ಹೊರಗಿಡಬಾರದೆಂಬುದು ಡೆಬಿಯನ್ನಿನ ನಿಯಮ, ಅದು ಎಷ್ಟು ದೊಡ್ಡ ಮಾತೆಂದು ಆಗ ಅರ್ಥವಾಯಿತು. ಫಾಂಟ್ ಮಾಡಿದ ಹಿರಿಯರಿಗೆ ಬರೆದೆ. “ನಿಮ್ಮಂಥ ಅಂಗಡಿಯವರಿಗಂತನ ಮಾಡಿದ್ದವಾ ಅದು” ಎಂದು ಫೋನ್ ಮಾಡಿದರು, ಸಿಲ್ ಓಪನ್ ಫಾಂಟ್ ಲೈಸೆನ್ಸಿಗೆ ಬದಲಿಸಿದರು. ದೊಡ್ಡ ಮನಸ್ಸಿನವರು.

ಅಷ್ಟಾದರೂ 2023ರ ಜನವರಿಯಲ್ಲಿ ಪ್ಯಾಕೇಜ್ ತಿರಸ್ಕಾರವಾಗಿ ಬಂತು. ಡೆಬಿಯನ್ನಿಗೆ ಹೊಸದಾಗಿ ಬರುವ ಪ್ರತಿ ಪ್ಯಾಕೇಜಿನ ಒಳಗನ್ನೂ ಮನುಷ್ಯರೇ ಕೂತು ನೋಡುತ್ತಾರೆ. ಫಾಂಟಿನ ಮಾದರಿ ತೋರಿಸಲು ಇಟ್ಟಿದ್ದ ಪಠ್ಯ ಯಾರದು ಎಂದು ಕೇಳಿದ್ದರು. ಅದು ಬೇಂದ್ರೆಯವರ ಕವಿತೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ನಮ್ಮ ದೇಶದ ಕಾನೂನಿನಂತೆ ಕವಿಯ ನಂತರ 60 ವರ್ಷ ಹಕ್ಕು ಉಳಿಯುತ್ತದೆ, ಅಂದರೆ 2041ರ ಕೊನೆಯವರೆಗೆ. ಧಾರವಾಡದ ಸೀಮೆಯಲ್ಲಿ ಹುಟ್ಟಿದವಳು ಬೇಂದ್ರೆಯವರನ್ನು ಕೈಯಾರೆ ತೆಗೆದುಹಾಕುವುದು ಹೇಗೆ? ಒಂದು ದಿನ ಆ ಕಡತ ಮುಟ್ಟಲಿಲ್ಲ. ಆಮೇಲೆ ಬಸವಣ್ಣನವರ ವಚನವೊಂದನ್ನು ಹಾಕಿದೆ. ಕನ್ನಡ ಬಾರದ ಯಾರೋ ಒಬ್ಬರು ಎಲ್ಲೋ ಕೂತು, ನಮ್ಮ ಕವಿಯ ಹಕ್ಕನ್ನು ನಮಗಿಂತ ಕಾಳಜಿಯಿಂದ ಕಾದರು ಎಂಬುದು ಈಗಲೂ ಮನಸ್ಸಿನಲ್ಲಿದೆ.

ತಿದ್ದಿ ಕಳಿಸಿ, ಒಪ್ಪಿಗೆ ಬರುವಷ್ಟರಲ್ಲಿ ಫೆಬ್ರುವರಿ 12 ದಾಟಿತ್ತು. ಇಲ್ಲಿ ಕಡಲೆ ರಾಶಿಯ ಗಡಿಬಿಡಿ. ಅಲ್ಲಿ ಹೊಸ ಪ್ಯಾಕೇಜುಗಳಿಗೆ ಬಾಗಿಲು ಮುಚ್ಚಿಯಾಗಿತ್ತು. 64,000ಕ್ಕೂ ಹೆಚ್ಚು ಪ್ಯಾಕೇಜುಗಳ ಬುಕ್‌ವರ್ಮ್ ಎಂಬ ಡೆಬಿಯನ್ ಆವೃತ್ತಿ 2023ರ ಜೂನ್ 10ಕ್ಕೆ ಹೊರಬಂತು, ನನ್ನದು ಅದರಲ್ಲಿರಲಿಲ್ಲ. ಅದು ಸೇರಿದ್ದು ಮುಂದಿನದಾದ ಟ್ರಿಕ್ಸಿಯಲ್ಲಿ, 2025ರ ಆಗಸ್ಟ್ 9ಕ್ಕೆ.

ತಡವಾದದ್ದಕ್ಕೆ ಬೇಸರವಿಲ್ಲ. ಆದರೆ ಬಾಗಿಲು ಮುಚ್ಚುವುದರೊಳಗೆ ಹೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಒಂದು ನೋವಿನ ಉದಾಹರಣೆ ಇದೆ. ಹಳೆಗನ್ನಡದ ೞ ಅಕ್ಷರಕ್ಕೆ ಯೂನಿಕೋಡಿನಲ್ಲಿ 0ಸಿಡಿಇ ಎಂಬ ಸಂಖ್ಯೆ. ಅದರ ಇಂಗ್ಲಿಷ್ ಹೆಸರನ್ನು ತಪ್ಪಾಗಿ ‘ಕನ್ನಡ ಲೆಟರ್ ಫಾ’ ಎಂದು ಬರೆದುಬಿಟ್ಟರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮ. ಪಕ್ಕಕ್ಕೆ ತಿದ್ದುಪಡಿಯ ಹೆಸರೊಂದನ್ನು ಸೇರಿಸಿದ್ದಾರೆ, ಮೂಲದ ‘ಫಾ’ ಮಾತ್ರ ಅಳಿಯುವುದಿಲ್ಲ. ಆ ಪಟ್ಟಿ ಅಚ್ಚಾಗುವ ಮುನ್ನ ಹಳೆಗನ್ನಡ ಓದಿದ ಒಂದು ಜೊತೆ ಕಣ್ಣು ಅದರ ಮೇಲೆ ಹಾಯ್ದಿದ್ದರೆ!

ಅದೇ ಮಾಸ್ತರರು ಈಗ ಶಾಸನಗಳ ಪಾಠವನ್ನು ನನ್ನಲ್ಲಿ ಟೈಪು ಮಾಡಿಸುತ್ತಾರೆ. ಅವರಿಂದಾಗಿಯೇ ೞ ನನ್ನ ಪಟ್ಟಿಗೆ ಸೇರಿತು. ಅಂಗಡಿಯ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇನೆ: ರ‍್ಯಾಂಕ್, ಸೂರ್ಯ, ಸಾಫ್ಟ್‌ವೇರ್, ಸ್ತ್ರೀ, ರಾಷ್ಟ್ರ, ಕ್ಷ, ಜ್ಞ, ಹಳೆಗನ್ನಡದ ನಾಲ್ಕು ಶಬ್ದ. ಫಾಂಟಿನ ಹೊಸ ಆವೃತ್ತಿ ಬಂದಾಗಲೆಲ್ಲ ಹೊಸದಾಗಿ ಪ್ರಿಂಟ್ ತೆಗೆದು ಹಚ್ಚುತ್ತೇನೆ. ಝೆರಾಕ್ಸಿಗೆ ಬಂದ ಸಾಲಿ ಹುಡುಗರಿಗೆ ಜೋರಾಗಿ ಓದಲು ಹೇಳುತ್ತೇನೆ. ಎಲ್ಲಿ ತಡೆಯುತ್ತಾರೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತೇನೆ.

ಮೊನ್ನೆ ಏಳನೇತ್ತೆಯ ಹುಡುಗಿಯೊಬ್ಬಳು ಸರಸರ ಓದುತ್ತ ಬಂದು ಮೂರನೇ ಸಾಲಿಗೆ ನಿಂತಳು. “ಅಕ್ಕಾರ, ಇದರಾಗ ಒತ್ತು ಕೆಳಗ ಬಾಳ ಜಗ್ಗೇತ್ರಿ, ಕೆಳಗಿನ ಸಾಲಿಗೆ ಹತ್ತೇತಿ” ಎಂದಳು. ಹೌದು, ‘ರಾಷ್ಟ್ರ’ದ ಎರಡನೇ ಒತ್ತು. ಆ ಹಾಳೆಯನ್ನು ನಾನು ಒಂದು ವಾರದಿಂದ ನೋಡುತ್ತಿದ್ದೆ. ಅವಳಿಗೆ ಕುರ್ಚಿ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡೆ, ರಿಪೋರ್ಟ್‌ಬಗ್ ತೆರೆದೆ, ಮೊದಲು ಫಾಂಟಿನ ಆವೃತ್ತಿ ಯಾವುದೆಂದು ಇಬ್ಬರೂ ನೋಡಿದೆವು.