ಸೂಪರ್ ಮಾರ್ಕೆಟ್‌ನಲ್ಲಿ ಫ್ರಾಂಚೈಸಿ: ಬೋರ್ಡಿನ ಹೆಸರಿಗೆ ದಿನಕ್ಕೆ ಎಷ್ಟು ಬಿಲ್?

ಫಾಸ್ಟ್‌ಫುಡ್ ಫ್ರಾಂಚೈಸಿ ಎಂದರೆ ಒಂದು ಕಂಪನಿಯ ಹೆಸರು, ಅಡುಗೆಯ ವಿಧಾನ, ಮಸಾಲೆ, ಅಂಗಡಿಯ ವಿನ್ಯಾಸ ಇವನ್ನು ನಿಗದಿತ ಅವಧಿಗೆ ಹಣ ಕೊಟ್ಟು ಬಳಸುವ ಹಕ್ಕು. ಅಂಗಡಿಯ ಬಾಡಿಗೆ, ಕೆಲಸಗಾರರ ಸಂಬಳ, ಬ್ಯಾಂಕಿನ ಸಾಲ, ಆಗುವ ನಷ್ಟ ಎಲ್ಲವೂ ಹಣ ಹಾಕಿದವರ ಪಾಲಿಗೆ. ಹೆಸರು ಮಾತ್ರ ಕಂಪನಿಯದು. ಅವಧಿ ಮುಗಿದು ಒಪ್ಪಂದ ನವೀಕರಣ ಆಗದಿದ್ದರೆ ಬೋರ್ಡು ಇಳಿಯುತ್ತದೆ, ಗ್ರಾಹಕರ ನೆನಪಿನಲ್ಲಿರುವ ಹೆಸರೂ ಅದರೊಂದಿಗೆ ಹೋಗುತ್ತದೆ. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ ಈ ವ್ಯಾಪಾರದಲ್ಲಿ ಲಾಭ ಇದೆಯೇ ಎಂಬುದಲ್ಲ. ಅದೇ ಜಾಗದಲ್ಲಿ ಸ್ವಂತ ಹೆಸರಿನಲ್ಲಿ ಅಂಗಡಿ ಇಟ್ಟರೆ ಬರುವುದಕ್ಕಿಂತ ಎಷ್ಟು ಹೆಚ್ಚು ಗ್ರಾಹಕರನ್ನು ಆ ಬೋರ್ಡು ತರುತ್ತದೆ ಎಂಬುದು.

ಕೆಲವು ಹೆಸರುಗಳು ಸಾಮಾನ್ಯ ಹೂಡಿಕೆದಾರರಿಗೆ ಸಿಗುವುದೇ ಇಲ್ಲ. ಭಾರತದಲ್ಲಿ ಡಾಮಿನೋಸ್ ಮಳಿಗೆಗಳನ್ನು ನಡೆಸುವುದು ಜುಬಿಲಂಟ್ ಫುಡ್‌ವರ್ಕ್ಸ್. ದಕ್ಷಿಣ ಮತ್ತು ಪಶ್ಚಿಮ ಭಾರತದ ಮೆಕ್‌ಡೊನಾಲ್ಡ್ಸ್ ವೆಸ್ಟ್‌ಲೈಫ್ ಸಮೂಹದ ಕೈಯಲ್ಲಿದೆ. 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ದೇಶದ ಮೊದಲ ಮಳಿಗೆ ತೆರೆದ ಕೆಎಫ್‌ಸಿಯನ್ನು ದೇವಯಾನಿ, ಸಫೈರ್‌ನಂಥ ದೊಡ್ಡ ಕಂಪನಿಗಳು ಬೆಳೆಸಿವೆ. ಇಂಥ ಹೆಸರಿನ ಫ್ರಾಂಚೈಸಿ ಕಲಬುರಗಿಯಲ್ಲಿ ಕೊಡುತ್ತೇವೆ, ನೋಂದಣಿ ಶುಲ್ಕ ಕಳುಹಿಸಿ ಎಂದು ವಾಟ್ಸ್‌ಆಪ್‌ನಲ್ಲಿ ಸಂದೇಶ ಬಂದರೆ ಅದು ಮೋಸ ಎಂದೇ ತಿಳಿಯಬೇಕು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಜಿಲ್ಲಾ ಕೇಂದ್ರಗಳಲ್ಲಿ ನಿಜವಾಗಿ ದೊರೆಯುವುದು ಬರ್ಗರ್, ಪಿಜ್ಜಾ, ಫ್ರೈಡ್ ಚಿಕನ್, ಮೊಮೊ, ಚಹಾ ಮಾರುವ ಮಧ್ಯಮ ಗಾತ್ರದ ಬ್ರಾಂಡ್‌ಗಳು. ಮುಂದಿನ ಲೆಕ್ಕ ಅಂಥವಕ್ಕೆ ಸಂಬಂಧಿಸಿದ್ದು. ಅಂಕಿಗಳು ಉದಾಹರಣೆಗಾಗಿ ಇಟ್ಟವು. ಓದುಗರು ತಮ್ಮ ಬೀದಿಯ ಅಂಕಿಗಳನ್ನು ಅದೇ ಜಾಗದಲ್ಲಿ ಕೂರಿಸಿಕೊಳ್ಳಬಹುದು.

ಕಲಬುರಗಿಯ ಸೂಪರ್ ಮಾರ್ಕೆಟ್‌ ಎಂಬ ವ್ಯಾಪಾರ ಪ್ರದೇಶದಲ್ಲಿ 300 ಚದರಡಿಯ ಒಂದು ಮಳಿಗೆ ಎಂದುಕೊಳ್ಳೋಣ. ಫ್ರಾಂಚೈಸಿ ಶುಲ್ಕ 3 ಲಕ್ಷ, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 3,54,000. ಒಳಾಂಗಣ ಮತ್ತು ಬೋರ್ಡಿಗೆ 4,50,000. ಫ್ರೈಯರ್, ಫ್ರೀಜರ್, ಓವನ್, ಎಸಿ, ಬಿಲ್ಲಿಂಗ್ ಯಂತ್ರಕ್ಕೆ 4,00,000. ತಿಂಗಳ ಬಾಡಿಗೆ 25,000 ಆದರೆ ಹತ್ತು ತಿಂಗಳ ಅಡ್ವಾನ್ಸ್ 2,50,000. ಮೊದಲ ಸರಕು, ಮಹಾನಗರ ಪಾಲಿಕೆಯ ವ್ಯಾಪಾರ ಪರವಾನಗಿ, ಆಹಾರ ಸುರಕ್ಷತಾ ಪರವಾನಗಿ ಇತ್ಯಾದಿಗೆ 46,000. ವ್ಯಾಪಾರ ಕುದುರುವವರೆಗೆ ಕೈಯಲ್ಲಿ ಇರಬೇಕಾದ ಹಣ 3,00,000. ಒಟ್ಟು 18 ಲಕ್ಷ. ಬ್ರಾಂಡಿನ ಜಾಹೀರಾತಿನಲ್ಲಿ ‘ಹೂಡಿಕೆ 12 ಲಕ್ಷ’ ಎಂದು ಇರುವುದು ಮೊದಲ ಮೂರು ಬಾಬತ್ತಿಗೆ ಮಾತ್ರ. ಅಂಗಡಿಯ ಅಡ್ವಾನ್ಸ್ ಮತ್ತು ಕೈಹಣ ಅಲ್ಲಿ ಕಾಣುವುದಿಲ್ಲ. ಶುರುವಾದ ಮೂರನೇ ನಾಲ್ಕನೇ ತಿಂಗಳಿಗೆ ಮಳಿಗೆಗಳು ಉಸಿರುಗಟ್ಟುವುದು ಹೆಚ್ಚಾಗಿ ಈ ಕೈಹಣ ಇಲ್ಲದೆ.

ಇನ್ನು ಪ್ರತಿ ಬಿಲ್ಲಿನ ಲೆಕ್ಕ. ಗ್ರಾಹಕ 157.50 ರೂಪಾಯಿ ಕೊಟ್ಟರೆ ಅದರಲ್ಲಿ 7.50 ಸರ್ಕಾರದ ತೆರಿಗೆ, ವ್ಯಾಪಾರ 150. ಹೋಟೆಲ್ ಊಟದ ಮೇಲೆ ಶೇ. 5 ಜಿಎಸ್‌ಟಿ 2017ರ ನವೆಂಬರ್‌ನಿಂದ ಇದೆ. ಆದರೆ ಆ ದರದ ಜೊತೆಗೆ ಒಂದು ಷರತ್ತೂ ಇದೆ: ಮಾಲೀಕರು ಖರೀದಿ, ಬಾಡಿಗೆ, ರಾಯಲ್ಟಿಯ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಇದರಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ಬಟ್ಟೆ ಅಂಗಡಿಯವರಿಗೆ ಹಿಂದಿರುಗುವ ತೆರಿಗೆ ತಿಂಡಿ ಅಂಗಡಿಯವರಿಗೆ ಅಪ್ಪಟ ಖರ್ಚು. 150ರಲ್ಲಿ ಸಾಮಗ್ರಿ ಮತ್ತು ಪ್ಯಾಕಿಂಗ್ ಶೇ. 42 ಎಂದರೆ 63 ರೂಪಾಯಿ. ಶೇ. 6 ರಾಯಲ್ಟಿ, ಶೇ. 2 ಜಾಹೀರಾತು ನಿಧಿ, ಇವೆರಡರ ಮೇಲೆ ಶೇ. 18 ಜಿಎಸ್‌ಟಿ ಸೇರಿ 14 ರೂಪಾಯಿ ಚಿಲ್ಲರೆ. ಕೌಂಟರಿನಲ್ಲಿ ಕೊಂಡ ಗ್ರಾಹಕನಿಂದ ಉಳಿದದ್ದು ಸುಮಾರು 73 ರೂಪಾಯಿ.

ಅದೇ ತಿಂಡಿ ಸ್ವಿಗ್ಗಿ, ಜೊಮ್ಯಾಟೊ ಮೂಲಕ ಹೋದರೆ? 2022ರ ಜನವರಿಯಿಂದ ಊಟದ ಮೇಲಿನ ಜಿಎಸ್‌ಟಿಯನ್ನು ಆ್ಯಪ್ ಕಂಪನಿಯೇ ಕಟ್ಟುತ್ತದೆ, ಆ ತಲೆನೋವು ಇಲ್ಲ. ಆದರೆ ಕಮಿಷನ್ ಶೇ. 25 ಇದ್ದರೆ ಅದರ ಮೇಲಿನ ಜಿಎಸ್‌ಟಿ ಸೇರಿ 150ಕ್ಕೆ 44 ರೂಪಾಯಿ ಹೋಗುತ್ತದೆ. ಉಳಿಯುವುದು 28 ರೂಪಾಯಿ ಚಿಲ್ಲರೆ. ಆ್ಯಪ್‌ನ ಒಂದು ಬಿಲ್ ಕೌಂಟರಿನ ಅರ್ಧ ಬಿಲ್ಲಿಗೂ ಸಮವಲ್ಲ. ‘ಆನ್‌ಲೈನ್‌ನಲ್ಲೇ ದಿನಕ್ಕೆ ಐವತ್ತು ಆರ್ಡರ್’ ಎಂದು ಬ್ರಾಂಡಿನ ಪ್ರತಿನಿಧಿ ಹೇಳುವಾಗ ಈ ವ್ಯತ್ಯಾಸ ಮನಸ್ಸಿನಲ್ಲಿರಬೇಕು. ಹತ್ತರಲ್ಲಿ ಮೂರು ಬಿಲ್ ಆ್ಯಪ್‌ನವು ಎಂದಿಟ್ಟರೆ ಸರಾಸರಿ ಒಂದು ಬಿಲ್ಲಿಗೆ ಉಳಿಯುವುದು 60 ರೂಪಾಯಿ.

ಈ ಅರವತ್ತು ರೂಪಾಯಿಗಳಿಂದಲೇ ತಿಂಗಳ ಖಾಯಂ ಖರ್ಚು ತುಂಬಬೇಕು. ಬಾಡಿಗೆ 25,000, ಅದರ ಮೇಲೆ ಜಿಎಸ್‌ಟಿ 4,500. ಕಟ್ಟಡದ ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೂ, ನೋಂದಾಯಿತ ಬಾಡಿಗೆದಾರರೇ ಅದನ್ನು ಕಟ್ಟಬೇಕೆಂಬ ನಿಯಮ 2024ರ ಅಕ್ಟೋಬರ್ 10ರಿಂದ ಬಂದಿದೆ. ನಾಲ್ವರು ಕೆಲಸಗಾರರ ಸಂಬಳ 56,000. ಜೆಸ್ಕಾಂನ ವಾಣಿಜ್ಯ ದರದ ವಿದ್ಯುತ್ 14,000, ವಾಣಿಜ್ಯ ಸಿಲಿಂಡರ್ 9,000, ನೀರು, ಸ್ವಚ್ಛತೆ, ಲೆಕ್ಕಪತ್ರ 6,500. ಒಟ್ಟು 1,15,000. ಇದನ್ನು ತುಂಬಲು ದಿನಕ್ಕೆ ಸುಮಾರು 65 ಬಿಲ್ ಬೇಕು. 70 ಬಿಲ್ ಆದರೆ ತಿಂಗಳ ವ್ಯಾಪಾರ 3,15,000, ಉಳಿಕೆ ಹತ್ತು ಸಾವಿರ. ಅದೇ ತಿಂಗಳು ಕಂಪನಿಗೆ ರಾಯಲ್ಟಿ 18,900 ಸಂದಿರುತ್ತದೆ, ಜಾಹೀರಾತು ನಿಧಿಗೆ 6,300. ರಾಯಲ್ಟಿ ಲೆಕ್ಕ ಹಾಕುವುದು ವ್ಯಾಪಾರದ ಮೇಲೆ, ಲಾಭದ ಮೇಲಲ್ಲ. ಮಾಲೀಕರು ನಷ್ಟದಲ್ಲಿದ್ದ ತಿಂಗಳೂ ಕಂಪನಿಗೆ ಆದಾಯ ತಪ್ಪದು. ಮಸಾಲೆ, ಸಾಸ್, ಬನ್ನು ಕಂಪನಿಯಿಂದಲೇ ಕೊಳ್ಳಬೇಕೆಂಬ ಷರತ್ತಿದ್ದರೆ ಅಲ್ಲಿಯೂ ಅವರ ಲಾಭ ಸೇರಿರುತ್ತದೆ.

ಈ ಹತ್ತು ಸಾವಿರವನ್ನು ಲಾಭ ಎನ್ನುವುದು ತಪ್ಪು. ಸೂಪರ್ ಮಾರ್ಕೆಟ್‌ನ ಒಂದು ಮಳಿಗೆಯಲ್ಲಿ ಹಣ ಹಾಕುವ ಮಾತು ನಡೆದಾಗ ಈ ಅಂಕಣಕಾರನ ಕೈಗೆ ಬಂದ ಅಂದಾಜು ಪಟ್ಟಿಯಲ್ಲಿ ಬಾಡಿಗೆ ಇತ್ತು, ಸಂಬಳ ಇತ್ತು, ಸಾಮಗ್ರಿ ಇತ್ತು. ಬೆಳಿಗ್ಗೆಯಿಂದ ರಾತ್ರಿವರೆಗೆ ಗಲ್ಲಾದಲ್ಲಿ ಕೂರುವ ಮಾಲೀಕರ ಸಂಬಳ ಇರಲಿಲ್ಲ, ಯಂತ್ರ ಮತ್ತು ಒಳಾಂಗಣದ ಸವಕಳಿ ಇರಲಿಲ್ಲ, ಹಾಕಿದ ದುಡ್ಡಿಗೆ ಬ್ಯಾಂಕಿನಲ್ಲಿ ಸಿಗುತ್ತಿದ್ದ ಬಡ್ಡಿ ಇರಲಿಲ್ಲ. ಮಾಲೀಕರ ದುಡಿಮೆಗೆ 20,000 ಇಡೋಣ. ಶುಲ್ಕ, ಒಳಾಂಗಣ, ಯಂತ್ರ ಸೇರಿ 12 ಲಕ್ಷ ಐದು ವರ್ಷದಲ್ಲಿ ಸವೆದರೆ ತಿಂಗಳಿಗೆ 20,000. 18 ಲಕ್ಷಕ್ಕೆ ಶೇ. 6.5ರಂತೆ ಬಿಟ್ಟುಕೊಟ್ಟ ಬಡ್ಡಿ 9,750. ಇವು ಸೇರಿದಾಗ ತಿಂಗಳಿಗೆ ಬೇಕಾದದ್ದು 1,64,750. ಅಂದರೆ ದಿನಕ್ಕೆ 92 ಬಿಲ್. ಗಲ್ಲಾಪೆಟ್ಟಿಗೆ ಸರಿದೂಗುವುದು 65ಕ್ಕೆ, ಬಂಡವಾಳ ಸರಿದೂಗುವುದು 92ಕ್ಕೆ. ಇವೆರಡರ ನಡುವೆ ಓಡುವ ಮಳಿಗೆಯಲ್ಲಿ ದಿನವೂ ನಗದು ಕಾಣುತ್ತದೆ, ಮನೆಯವರಿಗೂ ವ್ಯಾಪಾರ ಚೆನ್ನಾಗಿದೆ ಅನಿಸುತ್ತದೆ. ನಿಜವಾಗಿ ಅವರು ತಿನ್ನುತ್ತಿರುವುದು ತಮ್ಮದೇ ಬಂಡವಾಳವನ್ನು. ಐದನೇ ವರ್ಷ ಫ್ರೈಯರ್ ಕೆಟ್ಟಾಗ, ನವೀಕರಣ ಶುಲ್ಕದ ಪತ್ರ ಬಂದಾಗ ಅದು ಗೊತ್ತಾಗುತ್ತದೆ. ಸಾಲ ಮಾಡಿದ್ದರೆ ಇನ್ನೂ ಬೇಗ: 10 ಲಕ್ಷಕ್ಕೆ ಶೇ. 11ರ ಬಡ್ಡಿಯಲ್ಲಿ ಐದು ವರ್ಷದ ಕಂತು ತಿಂಗಳಿಗೆ ಸುಮಾರು 21,700. 70 ಬಿಲ್ಲಿನ ಮಳಿಗೆ ಅದನ್ನು ಕಟ್ಟಲಾರದು. ಮುದ್ರಾ ಯೋಜನೆಯ ತರುಣ್ ವಿಭಾಗದಲ್ಲಿ 10 ಲಕ್ಷದವರೆಗೆ ಸಾಲ ಸಿಗುತ್ತದೆ ಎಂಬುದು ಅನುಕೂಲವೇ. ಸಾಲ ಸಿಕ್ಕಿತೆಂದ ಮಾತ್ರಕ್ಕೆ ವ್ಯಾಪಾರ ಗಟ್ಟಿ ಎಂದು ಬ್ಯಾಂಕು ಹೇಳಿದಂತಲ್ಲ.

ಈಗ ಬೋರ್ಡಿನ ಬೆಲೆ ಅಳೆಯಬಹುದು. ಅದೇ ಅಂಗಡಿ, ಅದೇ ಯಂತ್ರ, ಅದೇ ಸಂಬಳ. ಫ್ರಾಂಚೈಸಿ ಶುಲ್ಕ, ರಾಯಲ್ಟಿ, ಜಾಹೀರಾತು ನಿಧಿ ಮಾತ್ರ ಇಲ್ಲ ಎಂದುಕೊಂಡರೆ ಬಂಡವಾಳ ಸರಿದೂಗಲು ಬೇಕಾಗುವುದು 71 ಬಿಲ್. ಹಾಗಾಗಿ 92ರಿಂದ 71 ಕಳೆದು ಉಳಿದ 21 ಬಿಲ್ಲುಗಳನ್ನು ಆ ಹೆಸರು ದಿನವೂ, ಐದು ವರ್ಷವೂ ತರಬೇಕು. ಸೂಪರ್ ಮಾರ್ಕೆಟ್‌ಗೆ ಸಂಜೆ ಬಟ್ಟೆ ಕೊಳ್ಳಲು ಬಂದ ಕುಟುಂಬ, ಸಿಟಿ ಬಸ್ಸಿಗೆ ಕಾಯುವ ವಿದ್ಯಾರ್ಥಿಗಳು ಆ ಹೆಸರನ್ನು ಹುಡುಕಿಕೊಂಡು ಬರುತ್ತಾರೆಯೇ, ಅಥವಾ ಹತ್ತಿರ ಕಂಡದ್ದಕ್ಕೆ ಬರುತ್ತಾರೆಯೇ? ಎರಡನೆಯದಾದರೆ ಅವರು ಯಾವ ಬೋರ್ಡಿಗೂ ಬರುತ್ತಿದ್ದರು. ಬೆಂಗಳೂರಿನ ಇಂದಿರಾನಗರದಲ್ಲಿ ಹೆಸರಾದ ಬ್ರಾಂಡಿಗೆ ಕಲಬುರಗಿಯ ಜಗತ್ ವೃತ್ತದ ಸುತ್ತ ಹೆಸರೇ ಇಲ್ಲದಿರಬಹುದು. ಅಲ್ಲಿ ಮಿರ್ಚಿ ಭಜಿಯ ಬಂಡಿಯೂ ತಹರಿಯ ಹೋಟೆಲೂ ಅದರ ನಿಜವಾದ ಪ್ರತಿಸ್ಪರ್ಧಿಗಳು, ಮತ್ತು ಅವು ಯಾರಿಗೂ ರಾಯಲ್ಟಿ ಕೊಡುವುದಿಲ್ಲ. ಹಾಗೆಂದು ಫ್ರಾಂಚೈಸಿ ಯಾವಾಗಲೂ ದಂಡವಲ್ಲ. ಅಡುಗೆ ಅರಿಯದವರಿಗೆ ಸಿದ್ಧ ವಿಧಾನ, ತರಬೇತಿ, ಒಂದೇ ರುಚಿಯ ಸಾಮಗ್ರಿ ಸಿಗುವುದು ದೊಡ್ಡ ಆಸರೆ. ಅಡುಗೆಭಟ್ಟ ಬಿಟ್ಟುಹೋದರೆ ಮರುದಿನ ಅಂಗಡಿ ಮುಚ್ಚಬೇಕಾಗಿಲ್ಲ. ಆ ಆಸರೆಗೆ 21 ಬಿಲ್ ಕೊಡಬಹುದೇ ಎಂದು ಪ್ರತಿಯೊಬ್ಬರೂ ತಾವೇ ತೀರ್ಮಾನಿಸಬೇಕು.

ಬಿಲ್ ಎಷ್ಟಾಗಬಹುದು ಎಂಬುದನ್ನು ಕಂಪನಿಯ ಬಾಯಿಂದ ಕೇಳುವ ಬದಲು ಎಣಿಸಿ ತಿಳಿಯಬಹುದು. ಅದೇ ಬ್ರಾಂಡಿನ ಮಳಿಗೆ ಸೊಲ್ಲಾಪುರ, ವಿಜಯಪುರ, ಬೀದರ್, ರಾಯಚೂರಿನಲ್ಲಿ ಇದ್ದರೆ ಬೆಳಿಗ್ಗೆ ತೆರೆದ ಕೂಡಲೇ ಒಮ್ಮೆ, ರಾತ್ರಿ ಮುಚ್ಚುವ ಮುಂಚೆ ಒಮ್ಮೆ ಏನಾದರೂ ಕೊಂಡರೆ ಸಾಕು. ಬಿಲ್ಲಿನ ಕ್ರಮಸಂಖ್ಯೆ ಓಡುತ್ತ ಹೋಗುವಂತಿದ್ದರೆ ಎರಡರ ಅಂತರವೇ ಆ ದಿನದ ವ್ಯಾಪಾರ. ಭಾನುವಾರ ಒಂದು, ವಾರದ ನಡುವಿನ ದಿನ ಒಂದು ನೋಡಬೇಕು. ಕಲಬುರಗಿಯಲ್ಲಿ ತಿಂಗಳುಗಳೂ ಒಂದೇ ಸಮನಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಮಧ್ಯಾಹ್ನದ ಗ್ರಾಹಕರು ಕರಗುತ್ತಾರೆ, ಎಸಿ ಮತ್ತು ಫ್ರೀಜರಿನ ಕರೆಂಟು ಬಿಲ್ ಏರುತ್ತದೆ. ಶ್ರಾವಣದಲ್ಲಿ ಅನೇಕ ಮನೆಗಳು ಮಾಂಸ ಬಿಡುವುದರಿಂದ ಫ್ರೈಡ್ ಚಿಕನ್ ಇಳಿಯುತ್ತದೆ. ರಂಜಾನ್‌ನಲ್ಲಿ ಹಗಲು ಖಾಲಿ, ರಾತ್ರಿ ತುಂಬ. ಶರಣಬಸವೇಶ್ವರ ಜಾತ್ರೆ, ಬಂದೇ ನವಾಜ್ ಉರುಸ್ ದಿನಗಳ ಜನಸಂದಣಿ ನೋಡಿ ವರ್ಷದ ಲೆಕ್ಕ ಹಾಕಬಾರದು.

ಕಮಲಾಪುರದಂಥ ತಾಲ್ಲೂಕು ಕೇಂದ್ರದಲ್ಲಿ ಚಿತ್ರ ಬೇರೆ. ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗುವ ಹೆದ್ದಾರಿಯ ಊರು ಅದು. ಬಾಡಿಗೆ 8,000, ಮೂವರು ಕೆಲಸಗಾರರು, ಎಲ್ಲ ಸೇರಿ ಖಾಯಂ ಖರ್ಚು 60,000ಕ್ಕೆ ನಿಲ್ಲಬಹುದು. ಆ್ಯಪ್ ಕಮಿಷನ್ ಇರಲಿಕ್ಕಿಲ್ಲ. ಆದರೆ ಬಿಲ್ಲಿನ ಸರಾಸರಿಯೂ 100ಕ್ಕೆ ಇಳಿಯುತ್ತದೆ. ತಣ್ಣಗಿಟ್ಟ ಸಾಮಗ್ರಿ ಕಲಬುರಗಿಯಿಂದ ಬರಬೇಕಾದ್ದರಿಂದ ಸಾಗಣೆ ಸೇರಿ ಸಾಮಗ್ರಿಯ ಖರ್ಚು ಶೇ. 45 ಆದೀತು. ಗಲ್ಲಾ ಸರಿದೂಗಲು 44 ಬಿಲ್ ಸಾಕು. ಕೇಳಲು ಹಗುರ. ತೊಡಕು ಬೇರೆ ಕಡೆ ಇದೆ: ಊರು ಚಿಕ್ಕದಾಯಿತೆಂದು ಎಷ್ಟೋ ಕಂಪನಿಗಳು ಫ್ರಾಂಚೈಸಿ ಶುಲ್ಕ, ಯಂತ್ರದ ಪಟ್ಟಿ ಕಡಿಮೆ ಮಾಡುವುದಿಲ್ಲ. ಕರೆಂಟು ಹೋದರೆ ಫ್ರೀಜರಿಗೆ ಜನರೇಟರ್ ಬೇಕು. ಕಾರು ನಿಲ್ಲಿಸಲು ಜಾಗವಿಲ್ಲದ ಮಳಿಗೆಗೆ ಹೆದ್ದಾರಿಯ ವಾಹನಗಳಿಂದ ಉಪಯೋಗವಿಲ್ಲ. ಇನ್ನೊಂದು ಸಂಗತಿ ಮನಸ್ಸಿಗೆ ನೋವು ತರುವಂಥದ್ದು. ಭೌಗೋಳಿಕ ಗುರುತು ಪಡೆದ ಕಮಲಾಪುರದ ಕೆಂಬಾಳೆಯ ಮಿಲ್ಕ್‌ಶೇಕನ್ನು ಅದೇ ಊರಿನ ಫ್ರಾಂಚೈಸಿ ಮಾರುವಂತಿಲ್ಲ, ಏಕೆಂದರೆ ಮೆನುವಿನಲ್ಲಿ ಇಲ್ಲದ್ದನ್ನು ಮಾರಕೂಡದೆಂದು ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ಕೇಳಿ ಬರೆಸಿಕೊಂಡರೆ ಮಾತ್ರ ವಿನಾಯಿತಿ.

ಒಪ್ಪಂದದ ಕಾಗದವೇ ಇಲ್ಲಿ ಏಕೈಕ ರಕ್ಷಣೆ. ಅಮೆರಿಕದಲ್ಲಿ ಫ್ರಾಂಚೈಸಿ ಕೊಡುವ ಕಂಪನಿ ಸಹಿಗೆ ಕನಿಷ್ಠ 14 ದಿನ ಮುಂಚೆ ಎಲ್ಲ ಶುಲ್ಕ, ಮೊಕದ್ದಮೆ, ಬಿಟ್ಟುಹೋದ ಫ್ರಾಂಚೈಸಿದಾರರ ವಿವರವನ್ನು ಲಿಖಿತವಾಗಿ ಕೊಡಬೇಕು. ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನು ಇಲ್ಲ. 1872ರ ಕರಾರು ಕಾಯ್ದೆಯಡಿ ಬರೆದದ್ದೇ ನಡೆಯುತ್ತದೆ. ಮುಚ್ಚಿದ ಮಳಿಗೆಗಳ ಪಟ್ಟಿಯನ್ನು ಕೇಳಿ ಪಡೆಯಬೇಕು. ಎಷ್ಟು ದೂರದೊಳಗೆ ಇನ್ನೊಂದು ಮಳಿಗೆ ಕೊಡುವುದಿಲ್ಲ ಎಂಬುದು, ನಡುವೆ ಬಿಟ್ಟರೆ ಎಷ್ಟು ದಂಡ ಎಂಬುದು, ಬೇರೆಯವರಿಗೆ ಮಾರಬಹುದೇ ಎಂಬುದು ಕಾಗದದಲ್ಲಿ ಇರಬೇಕು. ಅಂಗಡಿಯ ಕರಾರನ್ನೂ ಅದರ ಪಕ್ಕದಲ್ಲಿಟ್ಟು ನೋಡಬೇಕು. ನೋಂದಣಿ ತಪ್ಪಿಸಲು 11 ತಿಂಗಳ ಬಾಡಿಗೆ ಕರಾರು ಮಾಡುವುದು ರೂಢಿ. ಫ್ರಾಂಚೈಸಿ ಐದು ವರ್ಷದ್ದು. ಹನ್ನೆರಡನೇ ತಿಂಗಳು ಕಟ್ಟಡದ ಮಾಲೀಕರು ಬಾಡಿಗೆ ಏರಿಸಿದರೆ ಅಥವಾ ಜಾಗ ಬಿಡಿ ಎಂದರೆ ಗೋಡೆಗೆ ಹಾಕಿದ ನಾಲ್ಕೂವರೆ ಲಕ್ಷ ಗೋಡೆಯಲ್ಲೇ ಉಳಿಯುತ್ತದೆ. ಆದ್ದರಿಂದ ಬಾಡಿಗೆ ಕರಾರು ಫ್ರಾಂಚೈಸಿಯಷ್ಟೇ ಅವಧಿಯದಾಗಿರಲಿ, ನೋಂದಣಿಯೂ ಆಗಿರಲಿ. ಸಹಿಯ ಮೊದಲು ಒಪ್ಪಂದದ ಕರಡನ್ನು ಮನೆಗೆ ತಂದು ವಕೀಲರಿಗೂ ಲೆಕ್ಕಪರಿಶೋಧಕರಿಗೂ ತೋರಿಸಿ. ಕರಡನ್ನು ಮನೆಗೆ ಕೊಡದ ಕಂಪನಿಗೆ ಟೋಕನ್ ಹಣವನ್ನೂ ಕೊಡಬೇಡಿ.