ಮಾಲ್ ಮಳಿಗೆಯ ಬಾಡಿಗೆ ಲೆಕ್ಕ

ಬೆಂಗಳೂರಿನ ಕೋರಮಂಗಲದಲ್ಲಿ ಪ್ರೆಸ್ಟೀಜ್ ಸಮೂಹವು ಕಟ್ಟಿಸಿದ ಫೋರಂ ಮಾಲ್ 2004ರಲ್ಲಿ ತೆರೆಯಿತು. ಒಂದೇ ಸೂರಿನಡಿ ಬಟ್ಟೆ, ಪುಸ್ತಕ, ಊಟ, ಚಲನಚಿತ್ರ ದೊರೆತದ್ದು ಗ್ರಾಹಕರಿಗೆ ಹೊಸತು. ವರ್ತಕರಿಗೆ ಹೊಸತಾದುದು ಬಾಡಿಗೆಯ ಕ್ರಮ.

ಗದಗ-ಬೆಟಗೇರಿ, ಲಕ್ಷ್ಮೇಶ್ವರದ ಪೇಟೆಗಳಲ್ಲಿ ಅಂಗಡಿಕಾರನು ಮುಂಗಡವಿತ್ತು, ತಿಂಗಳಿಗೆ ಗೊತ್ತಾದ ಮೊತ್ತ ಕೊಡುವುದು ವಾಡಿಕೆ. ಮಾಲ್‌ಗಳಲ್ಲಿ ಸಾಮಾನ್ಯವಾಗಿ ಕನಿಷ್ಠ ಬಾಡಿಗೆ ಹಾಗೂ ವಹಿವಾಟಿನ ಶೇಕಡಾವಾರು ಪಾಲು, ಇವೆರಡರಲ್ಲಿ ಹೆಚ್ಚಿನದನ್ನು ಸಲ್ಲಿಸಬೇಕು. ಕನಿಷ್ಠ 40,000 ರೂಪಾಯಿ, ಪಾಲು ಶೇ. 10 ಎಂದಿಟ್ಟುಕೊಳ್ಳೋಣ. 6 ಲಕ್ಷದ ವಹಿವಾಟಾದ ತಿಂಗಳು 60,000 ಹೋಗುತ್ತದೆ. 3 ಲಕ್ಷಕ್ಕೆ ಇಳಿದರೂ 40,000 ತಪ್ಪದು. ನಿರ್ವಹಣಾ ಶುಲ್ಕ ಬೇರೆ. ಅಡತಿ ವರ್ತಕರಿಗೆ ಪಾಲಿನ ಲೆಕ್ಕ ಪರಿಚಿತವೇ. ಆದರೆ ಮಾಲು ಬಾರದ ದಿನ ದಲಾಲಿ ಕೊಡುವವರಾರು?

ಅಮೆರಿಕದಲ್ಲಿ 1956ರಲ್ಲಿ ಆರಂಭವಾದ ಸೌತ್‌ಡೇಲ್ ಮಾಲ್‌ನಲ್ಲಿ ದೊಡ್ಡ ಮಳಿಗೆಯೊಂದು ಹೋದ ಜಾಗಕ್ಕೆ 2019ರಲ್ಲಿ ವ್ಯಾಯಾಮ ಕೇಂದ್ರ ಬಂದಿತು. ಫೋರಂ ಸಹ 2021ರಲ್ಲಿ ಬ್ಲ್ಯಾಕ್‌ಸ್ಟೋನ್ ಸಂಸ್ಥೆಯ ಕೈಸೇರಿ, ಬಳಿಕ ನೆಕ್ಸಸ್ ಎಂಬ ಹೆಸರು ಪಡೆಯಿತು. 2023ರ ಮೇನಲ್ಲಿ ನೆಕ್ಸಸ್ ಟ್ರಸ್ಟಿನ ಯೂನಿಟ್‌ಗಳು ಷೇರುಪೇಟೆಗೆ ಬಂದವು. ನಗರದ ಮಾಲ್‌ನಲ್ಲಿ ಮಳಿಗೆ ಹಿಡಿಯಬಯಸುವ ಶಿರಹಟ್ಟಿ, ಮುಂಡರಗಿಯ ಉದ್ದಿಮೆದಾರರು ಒಡೆತನ ಬದಲಾದರೆ ಕರಾರು ಮುಂದುವರಿಯುವುದೇ, ನವೀಕರಣಕ್ಕಾಗಿ ಸ್ಥಳಾಂತರಿಸಿದರೆ ಒಳಾಲಂಕಾರದ ವೆಚ್ಚ ಯಾರದು ಎಂಬುದನ್ನು ಸಹಿಗೆ ಮೊದಲೇ ಬರೆಯಿಸಿಕೊಳ್ಳತಕ್ಕದ್ದು.